ಜಾನಪದ ಮಹಾಪ್ರಬಂಧ: ವಕ್ತೃವಿನ ಋಣ ಮತ್ತು ಸಂಶೋಧಕನ ಹೊಣೆ

ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾಗುವ ಯಾವುದೇ ಮಹಾಪ್ರಬಂಧಕ್ಕೆ ಆಕರಗಳ ಆಧಾರವಿರಬೇಕು. ಶಾಸನತಜ್ಞನಿಗೆ ಕಲ್ಲು, ಗ್ರಂಥಸಂಪಾದಕನಿಗೆ ಓಲೆಗರಿ ಆಕರವಾದರೆ, ಜಾನಪದ ಸಂಶೋಧಕನಿಗೆ ಆಕರವಾಗುವುದು ಜೀವಂತ ಮನುಷ್ಯ. ತಪ್ಪಾಗಿ ಓದಿದರೆ ಕಲ್ಲು ನೊಂದುಕೊಳ್ಳುವುದಿಲ್ಲ. ಓದಿದವನು ತನ್ನ ಹೆಸರನ್ನು ಬರೆದುಕೊಂಡರೆ ಅದಕ್ಕೆ ನಷ್ಟವೂ ಇಲ್ಲ. ಹಾಡುವವಳ, ಕತೆ ಹೇಳುವವನ, ಮದ್ದು ಅರೆಯುವವನ ವಿಷಯ ಹಾಗಲ್ಲ. ಆದ್ದರಿಂದ ಜಾನಪದ ಸಂಶೋಧನೆಯಲ್ಲಿ ನೈತಿಕತೆಯೆಂಬುದು ಪ್ರಬಂಧದ ಕೊನೆಗೆ ಸೇರಿಸುವ ಕೃತಜ್ಞತೆಯ ಮಾತಲ್ಲ. ಅದು ಸಂಶೋಧನಾ ವಿಧಾನದ ಒಂದು ಭಾಗ.

ಕನ್ನಡದಲ್ಲಿ ಜಾನಪದ ಸಂಗ್ರಹಕಾರ್ಯಕ್ಕೆ ದೀರ್ಘ ಇತಿಹಾಸವಿದೆ. ಚಾರ್ಲ್ಸ್ ಗೋವರನ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನ ಹೊರಬಂದದ್ದು 1871ರಲ್ಲಿ. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ನಾಡಿನ ಕೈಗಿತ್ತರು. ಬಿ.ಎಸ್. ಗದ್ದಗಿಮಠ ಅವರು ಜನಪದ ಗೀತೆಗಳನ್ನು ಕುರಿತು ಸಿದ್ಧಪಡಿಸಿದ ಮಹಾಪ್ರಬಂಧದಿಂದ ಈ ಕ್ಷೇತ್ರಕ್ಕೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಈ ಹಿರಿಯರ ಶ್ರಮವಿಲ್ಲದಿದ್ದರೆ ಅಪಾರವಾದ ಸಾಹಿತ್ಯ ಮರೆಯಾಗುತ್ತಿತ್ತು. ಆದರೆ ಆ ಕಾಲದ ದೃಷ್ಟಿಯಲ್ಲಿ ಜನಪದ ಸಾಹಿತ್ಯವೆಂದರೆ ಅಜ್ಞಾತಕರ್ತೃಕವಾದುದು, ಸಮಷ್ಟಿಯ ಸೃಷ್ಟಿ. ಸಂಗ್ರಾಹಕರ ಹೆಸರು ಉಳಿಯಿತು. ಹಾಡಿದವರು ‘ಗರತಿ’ ಎಂಬ ಒಂದು ಸಾಮೂಹಿಕ ಪದದೊಳಗೆ ಸೇರಿಹೋದರು. ಅದು ಸಂಗ್ರಾಹಕರ ದೋಷವಲ್ಲ, ಅಂದಿನ ಸಿದ್ಧಾಂತದ ಮಿತಿ. ಆ ಮಿತಿಯನ್ನು ಅರಿತ ಮೇಲೂ ಅದನ್ನೇ ಮುಂದುವರಿಸಿದರೆ ಮಾತ್ರ ಅದು ಸಂಶೋಧಕನ ದೋಷವಾಗುತ್ತದೆ.

ಈ ದೃಷ್ಟಿಯಿಂದ ‘ಸಿರಿ’ ಮಹಾಕಾವ್ಯದ ಪಠ್ಯೀಕರಣ ಗಮನಾರ್ಹವಾದ ಉದಾಹರಣೆ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ತುಳು ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಮತ್ತು ಆನೆಲಿ ಹೋಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಂದಿಗೆ ಸೇರಿ 1990ರ ಡಿಸೆಂಬರಿನಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾದಾಗ ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಇತ್ತು. ಇದು ಕೇವಲ ಸೌಜನ್ಯದ ಸಂಗತಿಯಲ್ಲ. ಪಠ್ಯವು ಒಬ್ಬ ನಿರ್ದಿಷ್ಟ ಗಾಯಕನ ನೆನಪು, ಪ್ರತಿಭೆ ಮತ್ತು ಸಂದರ್ಭದಿಂದ ಹುಟ್ಟುತ್ತದೆ ಎಂಬ ಶಾಸ್ತ್ರೀಯ ನಿಲುವು ಆ ಹೆಸರಿನ ಹಿಂದಿದೆ. ಯಾರು, ಎಲ್ಲಿ, ಯಾವಾಗ, ಯಾರೆದುರು ಹಾಡಿದರು ಎಂಬುದು ತಿಳಿಯದ ಪಠ್ಯವನ್ನು ಮುಂದಿನ ಸಂಶೋಧಕ ಪರಿಶೀಲಿಸಲಾರ. ಹೀಗೆ ಇಲ್ಲಿ ನ್ಯಾಯದ ಬೇಡಿಕೆಯೂ ಶಾಸ್ತ್ರದ ಬೇಡಿಕೆಯೂ ಒಂದೇ ಆಗಿವೆ. ಕಾನೂನು ಕೂಡ ಇದೇ ದಿಕ್ಕಿನಲ್ಲಿ ಸಾಗಿದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯು ಪ್ರದರ್ಶಕರ ಹಕ್ಕನ್ನು ಮಾನ್ಯಮಾಡಿತು. 2012ರ ತಿದ್ದುಪಡಿಯು ತನ್ನ ಪ್ರದರ್ಶನದೊಂದಿಗೆ ತನ್ನ ಹೆಸರನ್ನು ಕಾಣುವ ಹಕ್ಕನ್ನು ಪ್ರದರ್ಶಕನಿಗೆ ನೀಡಿತು.

ಆದರೆ ಹೆಸರಿಸುವುದೇ ಸದಾ ನ್ಯಾಯವೆಂದು ತಿಳಿಯುವಂತಿಲ್ಲ. ಚೌಡಿಕೆ ಪದಗಳನ್ನು ಹಾಡುವ ಜೋಗತಿಯೊಬ್ಬಳು ಹಾಡಿನ ನಡುವೆ ತನ್ನ ಬಾಳಿನ ಕತೆಯನ್ನೂ ಹೇಳಿಕೊಳ್ಳಬಹುದು. ಮುತ್ತು ಕಟ್ಟುವ ಆಚರಣೆಯನ್ನು ಕಾನೂನು ನಿಷೇಧಿಸಿರುವಾಗ, ಆಕೆಯ ಹೆಸರು, ಊರು, ಮಕ್ಕಳ ವಿವರಗಳು ಪ್ರಬಂಧದಲ್ಲಿ ಅಚ್ಚಾದರೆ ಅದರ ಪರಿಣಾಮವನ್ನು ಉಣ್ಣುವವಳು ಆಕೆಯೇ ಹೊರತು ಸಂಶೋಧಕನಲ್ಲ. ಒಂದು ಜಾತಿಯ ಪುರಾಣಕಥೆಯಲ್ಲಿ ನೆರೆಯ ಜಾತಿಯನ್ನು ಹಳಿಯುವ ಭಾಗವಿದ್ದರೆ, ಹೇಳಿದವನು ಅದೇ ಊರಿನಲ್ಲಿ ಬಾಳಬೇಕಾದವನೆಂಬುದನ್ನು ಮರೆಯಬಾರದು. ಆದ್ದರಿಂದ ಹಾಡಿಗೆ ಹಾಡಿದವರ ಹೆಸರನ್ನೂ ಬಾಳಿನ ವಿವರಗಳಿಗೆ ಮರೆಯನ್ನೂ ಒದಗಿಸುವ ವಿವೇಕ ಬೇಕು. ಯಾವುದನ್ನು ತೋರಬೇಕು, ಯಾವುದನ್ನು ಮರೆಸಬೇಕು ಎಂಬುದನ್ನು ವಕ್ತೃವಿನೊಡನೆ ಕೇಳಿಯೇ ತೀರ್ಮಾನಿಸಬೇಕು. ಒಂದೇ ಹಾಡುಗಾರ್ತಿಯ ಹಾಡೂ ಜೀವನಕಥೆಯೂ ಪ್ರಬಂಧದಲ್ಲಿ ಬರುವುದಾದರೆ, ಒಂದರಲ್ಲಿ ಕೊಟ್ಟ ಹೆಸರು ಇನ್ನೊಂದರಲ್ಲಿ ಮರೆಸಿದ್ದನ್ನು ಬಯಲು ಮಾಡದಂತೆ ಎರಡನ್ನೂ ಬೇರ್ಪಡಿಸುವುದು ಅಗತ್ಯ.

ಒಪ್ಪಿಗೆಯ ಪ್ರಶ್ನೆಯೂ ಇಷ್ಟೇ ಸೂಕ್ಷ್ಮವಾದುದು. ಕ್ಷೇತ್ರಕಾರ್ಯಕ್ಕೆ ಹೋದ ಸಂಶೋಧಕ ಮೊದಲು ಕಾಣುವುದು ಊರಿನ ಮುಖಂಡನನ್ನೋ ಶಾಲೆಯ ಮೇಷ್ಟರನ್ನೋ. ಅವರು ಹೇಳಿ ಕಳುಹಿಸಿದ ಮೇಲೆ ಕೂಲಿ ಬಿಟ್ಟು ಬಂದು ಕುಳಿತ ಹಾಡುಗಾರ್ತಿಯ ಮೌನವನ್ನು ಒಪ್ಪಿಗೆಯೆಂದು ಭಾವಿಸಬಾರದು. ಧ್ವನಿಮುದ್ರಣ ಯಾತಕ್ಕೆ, ಅದು ಎಲ್ಲಿ ಉಳಿಯುತ್ತದೆ, ಅದರಿಂದ ಯಾರಿಗೆ ಪದವಿ ಸಿಗುತ್ತದೆ, ಹಾಡುವವರಿಗೆ ಏನು ಸಿಗುತ್ತದೆ ಎಂಬುದನ್ನು ಅವರ ಆಡುಮಾತಿನಲ್ಲಿಯೇ ತಿಳಿಸಬೇಕು. ಓದುಬರಹ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಈ ಮಾತುಕತೆಯನ್ನೇ ಧ್ವನಿಮುದ್ರಿಸಿಕೊಳ್ಳುವುದು ಮೇಲು. ಬೇಡವೆನ್ನುವ ಹಕ್ಕು ಹಾಡು ಮುಗಿದ ಮೇಲೂ ಅವರಿಗೆ ಇರಬೇಕು. ಕೆಲಸ ಬಿಟ್ಟು ಬಂದ ದಿನದ ಕೂಲಿಯನ್ನು ತುಂಬಿಕೊಡುವುದು ದಾನವಲ್ಲ, ಸಲ್ಲಬೇಕಾದ ಬಾಕಿ. ನಾಟಿವೈದ್ಯರಿಂದ ಪಡೆದ ಮಾಹಿತಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚಾಗಿರಬೇಕು. ಮನೆತನದ ಗುಟ್ಟಾದ ಮದ್ದಿನ ಅಳತೆಯು ಒಮ್ಮೆ ಅಚ್ಚಾದರೆ ಅದನ್ನು ಮರಳಿ ಪಡೆಯಲಾಗದು.

ಹಿಂದೆ ಮಹಾಪ್ರಬಂಧಗಳು ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತಿದ್ದವು. ಓದುತ್ತಿದ್ದವರು ಕೆಲವೇ ಮಂದಿ. ಇನ್‌ಫ್ಲಿಬ್‌ನೆಟ್ ಸಂಸ್ಥೆಯ ‘ಶೋಧಗಂಗಾ’ ಭಂಡಾರದ ಮೂಲಕ ಇಂದು ಅವು ಜಗತ್ತಿನ ಯಾವ ಮೂಲೆಯಲ್ಲಿಯಾದರೂ ತೆರೆದುಕೊಳ್ಳುತ್ತವೆ. ಇದು ಜ್ಞಾನಪ್ರಸಾರದ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಪುಸ್ತಕಕ್ಕೆಂದು ಕೊಟ್ಟ ಒಪ್ಪಿಗೆ ಅಂತರ್ಜಾಲಕ್ಕೂ ತಾನಾಗಿಯೇ ಅನ್ವಯಿಸುವುದಿಲ್ಲ. ಹಾಡುವವರ ಮೊಮ್ಮಕ್ಕಳು ಅದನ್ನು ಮೊಬೈಲಿನಲ್ಲಿ ಓದುವ ಸಾಧ್ಯತೆಯನ್ನು ಸಂಶೋಧಕ ಮೊದಲೇ ಹೇಳಿರಬೇಕು.

ಸಂಗ್ರಹದ ಅನಂತರ ಲಿಪ್ಯಂತರದ ಹಂತ ಬರುತ್ತದೆ. ಹಳೆಯ ಮೈಸೂರಿನ ಹಲವು ಭಾಗಗಳ ಆಡುಮಾತಿನಲ್ಲಿ ‘ಹಾಡು’ ಎಂಬುದು ‘ಆಡು’ ಎಂದಾಗುತ್ತದೆ. ಅದನ್ನು ಶಿಷ್ಟರೂಪಕ್ಕೆ ತಿದ್ದಿದರೆ ಓದು ಸುಲಭವಾಗುತ್ತದೆ, ಆದರೆ ಆಕರ ನಾಶವಾಗುತ್ತದೆ. ಅಶ್ಲೀಲವೆಂದು ಸಾಲುಗಳನ್ನು ಬಿಡುವುದು, ಮೂವರ ಪಾಠಗಳನ್ನು ಬೆಸೆದು ಒಂದೇ ‘ಪೂರ್ಣ’ ಪಾಠವೆಂದು ಕೊಡುವುದು, ಮರೆತ ಸಾಲನ್ನು ತಾನೇ ಕಟ್ಟಿ ತುಂಬುವುದು ಇವೆಲ್ಲವೂ ಸುಳ್ಳು ಸಾಕ್ಷ್ಯಗಳೇ. ತಿದ್ದಬೇಕಾದಲ್ಲಿ ತಿದ್ದಿದೆಯೆಂದು, ಬಿಡಬೇಕಾದಲ್ಲಿ ಬಿಟ್ಟಿದೆಯೆಂದು ಹೇಳುವುದೇ ಪ್ರಾಮಾಣಿಕತೆ.

ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಕ್ರಮ ಅಗತ್ಯವಾದುದು. ಆದರೆ ತಂತ್ರಾಂಶ ಅಳೆಯುವುದು ತನ್ನ ಭಂಡಾರದಲ್ಲಿರುವ ಬರಹದೊಂದಿಗಿನ ಹೋಲಿಕೆಯನ್ನು ಮಾತ್ರ. ಗಣಕಕ್ಕೆ ಸೇರದ ಹಳೆಯ ಸಂಕಲನದಿಂದ ಹಾಡುಗಳನ್ನು ಎತ್ತಿ ತನ್ನ ಕ್ಷೇತ್ರಕಾರ್ಯದ ಫಲವೆಂದು ತೋರಿದರೆ ಅದು ಹಿಡಿಯದು. ಭೇಟಿಯೇ ಆಗದ ವಕ್ತೃಗಳ ಪಟ್ಟಿಯನ್ನು ಅದು ಪ್ರಶ್ನಿಸದು. ಅಜ್ಜಿಯೊಬ್ಬಳು ಹಾಡಿಗೆ ಹೇಳಿದ ಅರ್ಥವನ್ನು ಸಂಶೋಧಕ ತನ್ನ ವಿಶ್ಲೇಷಣೆಯೆಂದು ಬರೆದುಕೊಂಡರೆ, ಹೋಲಿಕೆಯ ಪ್ರಮಾಣ ಸೊನ್ನೆಯೆಂದೇ ಬರುತ್ತದೆ. ಬರಹದಲ್ಲಿ ಇಲ್ಲದ ಜ್ಞಾನವನ್ನು ಕದಿಯುವುದು ಎಲ್ಲಕ್ಕಿಂತ ಸುಲಭ. ಅದಕ್ಕೆ ದೂರು ಕೊಡುವವರೂ ಇರುವುದಿಲ್ಲ.

ಆದ್ದರಿಂದ ಈ ಹೊಣೆ ವಿದ್ಯಾರ್ಥಿಯದು ಮಾತ್ರವಲ್ಲ. ಮಾರ್ಗದರ್ಶಕರು ಪ್ರಬಂಧದ ಅಧ್ಯಾಯಗಳನ್ನು ಓದುವ ಮೊದಲು ಮೂಲ ಧ್ವನಿಮುದ್ರಣವನ್ನು ಕೇಳಬೇಕು. ಕ್ಷೇತ್ರಕಾರ್ಯದ ದಿನಚರಿಯನ್ನು ನೋಡಬೇಕು. ಮೌಖಿಕ ಪರೀಕ್ಷೆಯಲ್ಲಿ ಸಿದ್ಧಾಂತಗಳ ಬಗೆಗೆ ಕೇಳುವಂತೆಯೇ ಒಪ್ಪಿಗೆ ಹೇಗೆ ಪಡೆಯಲಾಯಿತೆಂದೂ ಕೇಳಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಂತಹ ಸಂಸ್ಥೆಗಳಲ್ಲಿ ಪ್ರಬಂಧದೊಂದಿಗೆ ಮೂಲ ಧ್ವನಿಮುದ್ರಣವನ್ನೂ ಇರಿಸುವುದು ಕಡ್ಡಾಯವಾದರೆ ಪಠ್ಯವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಅದರ ಒಂದು ಪ್ರತಿ ಹಾಡಿದವರ ಮನೆಗೂ ತಲುಪಬೇಕು. ಹಾಡಿದವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿಯುವ ಅವರ ದನಿ ಅದೊಂದೇ ಆಗಿರಬಹುದು.

ಪದವಿ ಪಡೆದವನು ಮತ್ತೆ ಅದೇ ಊರಿಗೆ ಹೋಗಿ, ತಾನು ಬರೆದುದನ್ನು ಹಾಡಿದವರ ಮುಂದೆ ಓದಿ ಹೇಳಲು ಅಂಜದಿದ್ದರೆ, ಆ ಮಹಾಪ್ರಬಂಧವು ಹೊಣೆಯರಿತು ಬರೆದದ್ದೆಂದು ತಿಳಿಯಬಹುದು.