ತಲೆಗೆ ಒಗ್ಗಿದ ಹಳೆಯ ಟೋಪಿ

ಗದಗಿನ ಎಪಿಎಂಸಿ ಪ್ರಾಂಗಣದಲ್ಲಾಗಲಿ, ಲಕ್ಷ್ಮೇಶ್ವರ, ಮುಂಡರಗಿಯ ಸಂತೆಯಲ್ಲಾಗಲಿ ಹಿರಿಯ ರೈತರ ತಲೆಯ ಮೇಲೆ ಬಿಳಿ ಗಾಂಧಿ ಟೋಪಿ ಇನ್ನೂ ಕಾಣಸಿಗುತ್ತದೆ. ಬಿಳಿ ಎಂಬುದು ಮಾತಿಗಷ್ಟೆ. ಹತ್ತಿರದಿಂದ ನೋಡಿದರೆ ಒಗೆದೊಗೆದು ಹಳದಿಗಟ್ಟಿರುತ್ತದೆ, ಅಂಚಿನ ಹೊಲಿಗೆ ಬಿಟ್ಟಿರುತ್ತದೆ, ಒಳಗೆ ಬೆವರಿನ ಗೆರೆ ಮೂಡಿರುತ್ತದೆ. ಮಗ ಹಬ್ಬಕ್ಕೆ ಹೊಸದು ತಂದುಕೊಟ್ಟರೆ ಅದು ಟ್ರಂಕು ಸೇರಿ, ಮದುವೆ-ಜಾತ್ರೆಗೆ ಮಾತ್ರ ಹೊರಬರುತ್ತದೆ. ಯಾಕೆಂದು ಕೇಳಿದರೆ, 'ಹೊಸಾದು ತಲೀಗೆ ಕುಂದ್ರೂದಿಲ್ರೀ' ಎನ್ನುತ್ತಾರೆ.

ಇದು ಬರೀ ಹಟವಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿಯ ಬಿಗುವಿರುತ್ತದೆ. ಒಗೆತ ಬಿದ್ದ ಹಾಗೆ ನೂಲು ಮೆತ್ತಗಾಗುತ್ತದೆ, ಬೆವರು ಚೆನ್ನಾಗಿ ಹೀರುತ್ತದೆ, ಪಟ್ಟಿ ಆ ಒಂದು ತಲೆಯ ಅಳತೆಗೆ ಹಿಗ್ಗುತ್ತದೆ. ಬೇರೆಯವರು ಹಾಕಿಕೊಂಡರೆ ಕಿವಿಯ ಮೇಲೆ ಜಾರುತ್ತದೆ.

ಹಾಗೆ ಸವೆಯುವುದು ಈ ಟೋಪಿಯ ಹುಟ್ಟುಗುಣವೇ ಎನ್ನಬೇಕು. ಗಾಂಧೀಜಿ ಬೇರೆ ಬೇರೆ ಪ್ರಾಂತಗಳ ಟೋಪಿಗಳನ್ನು ಗಮನಿಸಿ, ಮಡಚಿ ಕಿಸೆಯಲ್ಲಿಡಬಹುದಾದ ಕಾಶ್ಮೀರಿ ಟೋಪಿಯ ಆಕಾರ ಆರಿಸಿಕೊಂಡರು. ಉಣ್ಣೆಯ ಬದಲು ಖಾದಿ ಬಳಸಿದರು. ಬಣ್ಣ ಬಿಳಿಯೇ ಏಕೆ? ಕೊಳೆ ಕೂಡಲೇ ಕಾಣಬೇಕು, ಕಂಡರೆ ಒಗೆಯಲೇಬೇಕು ಎಂಬುದಕ್ಕೆ. ತಮಾಷೆಯೆಂದರೆ ಅವರು ಅದನ್ನು ತೊಟ್ಟದ್ದು ಸ್ವಲ್ಪ ಕಾಲ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ತುಂಡು ಪಂಚೆ ಉಟ್ಟಾಗ ಟೋಪಿಯನ್ನೂ ಬಿಟ್ಟರು. ಜನ ಬಿಡಲಿಲ್ಲ.

ಆಗ ಗದಗ, ಮುಂಡರಗಿ ಮುಂಬೈ ಸರಕಾರದಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಆಳುವವರು ಬೇರೆಯಾದರೂ ಟೋಪಿ ಒಂದೇ. ಅದನ್ನು ತೊಡುವುದಕ್ಕೆ ಧೈರ್ಯವೂ ಬೇಕಿತ್ತು. ಗದಗಿನಿಂದ ಹೋಟಗಿ ಮಾರ್ಗವಾಗಿ ರೈಲಿನಲ್ಲಿ ತಲುಪುವ ಸೊಲ್ಲಾಪುರದಲ್ಲಿ 1930ರ ಮೇ ತಿಂಗಳಲ್ಲಿ ಸೈನಿಕ ಆಡಳಿತ ಹೇರಿದಾಗ ಗಾಂಧಿ ಟೋಪಿ ತೊಟ್ಟವರನ್ನು ಹಿಡಿದು ಟೋಪಿ ತೆಗೆಸಿದರು. ಅಲ್ಲಿಯ ಮಲ್ಲಪ್ಪ ಧನಶೆಟ್ಟಿ ಮತ್ತು ಮೂವರು ಸಂಗಾತಿಗಳನ್ನು 1931ರ ಜನವರಿಯಲ್ಲಿ ಗಲ್ಲಿಗೇರಿಸಲಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಪುಢಾರಿಗಳೂ ಅದನ್ನೇ ತೊಟ್ಟರು. 'ಟೋಪಿ ಹಾಕುವುದು' ಎಂದರೆ ಮೋಸ ಮಾಡುವುದು ಎಂಬ ಮಾತಿಗೆ ಅವರಿಂದ ಹೊಸ ಕಳೆ ಬಂತು. ರೈತ ಮಾತ್ರ ರಾಜಕಾರಣದ ಗೊಡವೆಗೆ ಹೋಗದೆ, ರುಮಾಲಿಗಿದ್ದ ಮರ್ಯಾದೆಯನ್ನು ಟೋಪಿಗೂ ಕೊಟ್ಟ. ಬರಿದಲೆಯಲ್ಲಿ ಬೀಗರ ಮನೆಗೆ ಹೋಗುವುದು ಅವನಿಗೆ ಒಗ್ಗದ ಮಾತು. ತಲೆಯ ಮೇಲಿನದನ್ನು ಇನ್ನೊಬ್ಬರ ಕಾಲ ಬಳಿ ಇಟ್ಟರೆ ಅದು ಕಟ್ಟಕಡೆಯ ಬೇಡಿಕೆ. ಸಾಲಕ್ಕೋ, ಮಗಳ ಸಂಸಾರಕ್ಕೋ ಹಾಗೊಮ್ಮೆ ಇಳಿದು ಮತ್ತೆ ತಲೆಗೇರಿದ ಟೋಪಿಯನ್ನು 'ಹರಿದೈತಿ, ಒಗೀರಿ' ಎಂದು ಸೊಸೆ ಹೇಳಿದರೆ ಮುದುಕ ಕೇಳುವುದುಂಟೆ?

ಮೊಮ್ಮಕ್ಕಳ ತಲೆಗೆ ಈಗ ಬಂದಿರುವುದು ಮುಂದೆ ಚುಂಚಿರುವ ಕ್ಯಾಪು. ಅಮೆರಿಕದ ಬೇಸ್‌ಬಾಲ್ ಆಟಗಾರರ ಈ ಟೋಪಿಯನ್ನು ನಮ್ಮ ಕಡೆ ಬೀಜ-ಗೊಬ್ಬರದ ಕಂಪನಿಗಳು ಪುಕ್ಕಟೆ ಹಂಚುತ್ತವೆ. ಎರಡು ಹಂಗಾಮು ಬಿಸಿಲು ಕಂಡರೆ ಕಂಪನಿಯ ಹೆಸರು ಅಳಿಸಿಹೋಗುತ್ತದೆ. ಮರುವರ್ಷ ಹೊಸದು ಕೊಟ್ಟರೆ ಮೊಮ್ಮಗನೂ ಅದನ್ನು ತಮ್ಮನಿಗೆ ದಾಟಿಸಿ, ಬಣ್ಣಗೆಟ್ಟ ಹಳೆಯದನ್ನೇ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತುತ್ತಾನೆ.