ನಾಲ್ಕು ಕೊಂಬಿನ ಕೊಂಡುಕುರಿ

ಫೆಬ್ರುವರಿಯಲ್ಲಿ ಸೇವಾಲಾಲ್ ಜಯಂತಿ ಬಂತೆಂದರೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ದಾರಿಗಳೆಲ್ಲ ಜನರಿಂದ ತುಂಬಿಹೋಗುತ್ತವೆ. ನಮ್ಮ ರಾಜ್ಯದ ತಾಂಡಾಗಳಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬಂಜಾರರು ಬರುತ್ತಾರೆ. ಮಾಲೆ ಧರಿಸಿ ನಡೆದೇ ಬರುವವರೂ ಇದ್ದಾರೆ. ಎತ್ತಿನ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದ ಜನ ಅವರು. ಅವರ ಸಂತ ಸೇವಾಲಾಲರೂ ದನ ಕಾದವರೇ. ಆ ದನಗಳಿಗೆ ಇದೇ ದಾವಣಗೆರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಜಗಳೂರಿನ ಕುರುಚಲು ಕಾಡಿನಲ್ಲಿ, ಒಂದು ದೂರದ ನೆಂಟಸ್ತಿಕೆ ಇದೆ. ಕುರಿಯಷ್ಟೇ ಎತ್ತರದ, ನೋಡಲು ಜಿಂಕೆಯಂತಿರುವ, ತಲೆಯ ಮೇಲೆ ನಾಲ್ಕು ಕೊಂಬು ಹೊತ್ತ ಈ ಪ್ರಾಣಿಯ ಹೆಸರು ಕೊಂಡುಕುರಿ.

ಚನ್ನಗಿರಿ ಕಡೆ ಭದ್ರಾ ನಾಲೆಯ ನೀರು, ಅಡಿಕೆ ತೋಟ. ಹೊನ್ನಾಳಿಗೆ ತುಂಗಭದ್ರೆ ಇದೆ. ಜಗಳೂರಿಗೆ ಬಂದರೆ ನೆಲದ ಬಣ್ಣವೇ ಬೇರೆ: ಕಲ್ಲುಗುಡ್ಡ, ಜಾಲಿ, ಕಾರೆ, ಬೋರೆ, ತಂಗಡಿ. ಬರಕ್ಕೆ ಹೆಸರಾದ ಈ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಸುಮಾರು 77 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಸರ್ಕಾರ ಕೊಂಡುಕುರಿ ವನ್ಯಜೀವಿ ಧಾಮವೆಂದು ಘೋಷಿಸಿತು. ಹುಲಿಗೋ ಆನೆಗೋ ಧಾಮವಾಗುವುದು ದೊಡ್ಡ ಮಾತಲ್ಲ. ಜಿಲ್ಲೆಯ ಬಹುಪಾಲು ಜನ ಕಣ್ಣಿಂದ ನೋಡಿಯೇ ಇರದ, ಇಪ್ಪತ್ತು ಕಿಲೋ ತೂಕದ ಒಂದು ನಾಚಿಕೆಯ ಪ್ರಾಣಿಗಾಗಿ ಇಷ್ಟು ನೆಲ ಎತ್ತಿಟ್ಟದ್ದು ಮೆಚ್ಚಬೇಕಾದ ಕೆಲಸ.

ಬೆಳೆದ ಕೊಂಡುಕುರಿ ಭುಜದ ಹತ್ತಿರ 55ರಿಂದ 64 ಸೆಂಟಿಮೀಟರ್ ಎತ್ತರ, 17ರಿಂದ 22 ಕಿಲೋ ತೂಕ. ಮೈ ಕಂದು, ಹೊಟ್ಟೆ ಬಿಳಿ, ಕಾಲುಗಳ ಮೇಲೆ ಉದ್ದಕ್ಕೆ ಕಪ್ಪು ಗೆರೆ. ಕೊಂಬು ಗಂಡಿಗೆ ಮಾತ್ರ. ಹಿಂದಿನ ಜೋಡಿ ಕಿವಿಗಳ ನಡುವೆ ನೆಟ್ಟಗೆ ನಿಂತಿರುತ್ತದೆ, 8ರಿಂದ 12 ಸೆಂಟಿಮೀಟರ್ ಉದ್ದ. ಮುಂದಿನ ಜೋಡಿ ಹಣೆಯ ಮೇಲೆ, ಉದ್ದ 2ರಿಂದ 5 ಸೆಂಟಿಮೀಟರ್ ಅಷ್ಟೇ. ಹಸು, ಎಮ್ಮೆ, ಆಡು, ಕುರಿ, ಹುಲ್ಲೆಗಳೆಲ್ಲ ಸೇರುವ ಬೋವಿಡೇ ಕುಟುಂಬದಲ್ಲಿ 140ರಷ್ಟು ಪ್ರಭೇದಗಳಿವೆ. ಅವುಗಳ ಪೈಕಿ ಕಾಡಿನಲ್ಲಿ ಸಹಜವಾಗಿ ನಾಲ್ಕು ಕೊಂಬು ಬೆಳೆಸುವುದು ಇದೊಂದೇ.

ಇದು ಎಷ್ಟು ವಿಚಿತ್ರ ಎಂದು ಗೊತ್ತಾಗಬೇಕಾದರೆ ಕೊಂಬು ಹುಟ್ಟುವ ಬಗೆ ಗೊತ್ತಿರಬೇಕು. ಕಡವೆ, ಚುಕ್ಕೆ ಜಿಂಕೆಗಳ ಕವಲುಗೊಂಬು ಬರೀ ಎಲುಬು. ಅದು ಕಳಚಿ ಬಿದ್ದು ಮತ್ತೆ ಹೊಸದು ಬೆಳೆಯುತ್ತದೆ. ಹಸು, ಕುರಿ, ಕೊಂಡುಕುರಿಗಳದ್ದು ಹಾಗಲ್ಲ. ಒಳಗೆ ಎಲುಬಿನ ತಿರುಳು, ಅದರ ಮೇಲೆ ಕತ್ತಿಗೆ ಒರೆ ತೊಡಿಸಿದಂತೆ ಕೆರಾಟಿನ್ ಹೊದಿಕೆ. ನಮ್ಮ ಉಗುರು ಆಗಿರುವುದೂ ಕೆರಾಟಿನ್‌ನಿಂದಲೇ. ಈ ಕೊಂಬು ಒಮ್ಮೆ ಬಂದರೆ ಸಾಯುವವರೆಗೂ ಇರುತ್ತದೆ. ಕಾದಾಟದಲ್ಲಿ ಮುರಿದರೆ ಮುರಿಯಿತು.

ಕೊಂಬಿನ ತಿರುಳು ತಲೆಬುರುಡೆಯಿಂದಲೇ ಮೊಳೆತು ಬರುತ್ತದೆಂದು ನೋಡಿದವರಿಗೆ ಅನ್ನಿಸುತ್ತದೆ. ನಿಜದಲ್ಲಿ ಅದು ಚರ್ಮದ ಅಡಿಯ ಪುಟ್ಟ ಮೊಗ್ಗಿನಲ್ಲಿ ಬೇರೆಯಾಗಿ ಹುಟ್ಟಿ, ಆಮೇಲೆ ಬುರುಡೆಗೆ ಬೆಸೆದುಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಡವ್. 1933ರಲ್ಲಿ ಅವರು ಆಗಷ್ಟೇ ಹುಟ್ಟಿದ ಐರ್‌ಶೈರ್ ತಳಿಯ ಹೋರಿಗರುವಿನ ಎರಡೂ ಕೊಂಬಿನ ಮೊಗ್ಗುಗಳನ್ನು ಚರ್ಮದ ಸಮೇತ ಬಿಡಿಸಿ, ಹಣೆಯ ನಟ್ಟನಡುವೆ ಒತ್ತೊತ್ತಾಗಿ ಕೂರಿಸಿದರು. ಕರು ಬೆಳೆದಂತೆ ಎರಡು ಮೊಗ್ಗೂ ಸೇರಿ ಒಂದೇ ದಪ್ಪ ಕೊಂಬಾಯಿತು, ಬುರುಡೆಗೆ ಗಟ್ಟಿಯಾಗಿ ಕಚ್ಚಿಕೊಂಡಿತು. ಏಕಶೃಂಗಿ ಎಂದು ಕಥೆಗಳಲ್ಲಿ ಓದುವ ಪ್ರಾಣಿ ಕೊಟ್ಟಿಗೆಯಲ್ಲೇ ನಿಂತಿತ್ತು! ಅಂದರೆ ಕೊಂಬು ಎಲ್ಲಿ, ಎಷ್ಟು ಎಂಬುದನ್ನು ತೀರ್ಮಾನಿಸುವುದು ಬುರುಡೆಯ ಎಲುಬಲ್ಲ, ಅದರ ಮೇಲಿನ ಮೊಗ್ಗು.

ಹಾಗಾದರೆ ಮೊಗ್ಗುಗಳ ಲೆಕ್ಕ ಇಡುವವರು ಯಾರು? ಇದಕ್ಕೆ ಒಂದು ಸುಳಿವು ಸಿಕ್ಕಿದ್ದು ಸಾಕುಪ್ರಾಣಿಗಳಿಂದ. ಬ್ರಿಟನ್ನಿನ ಜೇಕಬ್ ಎಂಬ ತಳಿಯ ಕುರಿಗಳಿಗೆ ನಾಲ್ಕು ಕೊಂಬು ಮಾಮೂಲು. ಆಡುಗಳಲ್ಲೂ ಅಪರೂಪಕ್ಕೆ ಹೀಗಾಗುತ್ತದೆ. ಇಂಥ ಕುರಿ, ಆಡುಗಳ ವಂಶವಾಹಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎರಡರಲ್ಲೂ ಹಾಕ್ಸ್‌ಡಿ1 ಎಂಬ ಒಂದೇ ಜೀನ್ ಎಡವಿರುವುದು ಕಂಡುಬಂತು. ಹಾಕ್ಸ್ ಜೀನ್‌ಗಳು ಬಹಳ ಹಳೆಯವು. ನೊಣದಿಂದ ಮನುಷ್ಯನವರೆಗೆ, ಭ್ರೂಣದ ಯಾವ ಭಾಗದಲ್ಲಿ ಯಾವ ಅಂಗ ಬರಬೇಕು ಎಂಬ ವಿಳಾಸ ಬರೆಯುವ ಕೆಲಸ ಅವುಗಳದ್ದು. ಹಾಕ್ಸ್‌ಡಿ1 ಸರಿಯಾಗಿ ಕೆಲಸ ಮಾಡದಿದ್ದರೆ ಭ್ರೂಣದಲ್ಲಿ ಕೊಂಬು ಹುಟ್ಟುವ ಜಾಗ ಅಗಲವಾಗಿಬಿಡುತ್ತದೆ, ಮೊಗ್ಗು ಎರಡಾಗಿ ಸೀಳುತ್ತದೆ, ಒಂದು ಕಡೆಗೆ ಎರಡರಂತೆ ನಾಲ್ಕು ಕೊಂಬು ಬರುತ್ತವೆ.

ಕೊಂಡುಕುರಿಯ ಕಥೆ ಹೀಗಿಲ್ಲ ಎಂಬುದಕ್ಕೆ ಅದರ ಬೆಳವಣಿಗೆಯೇ ಸಾಕ್ಷಿ. ಜೇಕಬ್ ಕುರಿಯಲ್ಲಿ ಒಂದೇ ಮೊಗ್ಗು ಒಡೆದು ಎರಡಾಗುತ್ತದೆ. ಕೊಂಡುಕುರಿಯ ಗಂಡುಮರಿಗೆ ಮೊದಲ ಕೆಲವು ತಿಂಗಳಲ್ಲಿ ಕಿವಿಗಳ ನಡುವಿನ ಜೋಡಿ ಮಾತ್ರ ಬರುತ್ತದೆ. ಎಲ್ಲ ಹುಲ್ಲೆಗಳಂತೆ ಇದಕ್ಕೂ ಎರಡೇ ಕೊಂಬು ಅನ್ನಿಸುತ್ತದೆ. ಮುಂದಿನ ಜೋಡಿ ಹಣೆಯ ಮೇಲೆ ತಲೆ ಎತ್ತುವುದು ಸಾಮಾನ್ಯವಾಗಿ ಹತ್ತು ಹದಿನಾಲ್ಕು ತಿಂಗಳು ಕಳೆದ ಮೇಲೆ. ಜಾಗವೂ ಬೇರೆ, ಕಾಲವೂ ಬೇರೆ. ಕುರಿಯಲ್ಲಿ ನಾಲ್ಕು ಕೊಂಬು ಬರುವುದು ಜೀನ್ ತಪ್ಪಿದಾಗ. ಇಲ್ಲಿ ಅದೇ ಪ್ರಭೇದದ ನಿಯಮ.

ನಿಯಮವೆಂದರೂ ನಮ್ಮ ಕಡೆ ಅದು ಸಡಿಲ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಬ್ಲೇನ್‌ವಿಲ್ 1816ರಲ್ಲಿ ಈ ಪ್ರಾಣಿಗೆ ವೈಜ್ಞಾನಿಕ ಹೆಸರಿಡುವಾಗ ಅದರಲ್ಲಿ ನಾಲ್ಕು ಕೊಂಬನ್ನೂ ಸೇರಿಸಿದ. ಆಮೇಲೆ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇಲ್ಲಿಯ ಗಂಡುಗಳನ್ನು ನೋಡಿದ. 1824ರ ಕಿತ್ತೂರು ಯುದ್ಧದಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್. ಶಾಸನಗಳ ಹುಚ್ಚು ಹಿಡಿದು ನಮ್ಮ ಊರೂರಿನ ಕಲ್ಬರಹಗಳನ್ನು ಪ್ರತಿ ಮಾಡಿಸಿದವನೂ ಅವನೇ. ಅದೇ ಶ್ರದ್ಧೆಯಿಂದ ಈ ಭಾಗದ ಸಸ್ತನಿಗಳ ಪಟ್ಟಿಯೊಂದನ್ನು ತಯಾರಿಸಿ 1839ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಇಲ್ಲಿಯ ಕೊಂಡುಕುರಿಯನ್ನು ‘ಅರೆಬರೆ ನಾಲ್ಕು ಕೊಂಬಿನದು’ ಎನ್ನುವ ಅರ್ಥದ ಲ್ಯಾಟಿನ್ ಹೆಸರಿನಿಂದ ಬೇರೆ ಮಾಡಿದ. ದಕ್ಷಿಣ ಭಾರತದ ಉಪಪ್ರಭೇದಕ್ಕೆ ಇವತ್ತಿಗೂ ಅದೇ ಹೆಸರು. ಈ ಕಡೆಯ ಎಷ್ಟೋ ಗಂಡುಗಳಲ್ಲಿ ಮುಂದಿನ ಜೋಡಿ ಬರುವುದೇ ಇಲ್ಲ, ಬಂದರೂ ಚರ್ಮದಡಿ ಗುಬುಟಿನಂತೆ ಉಳಿದುಬಿಡುತ್ತದೆ. ಆದ್ದರಿಂದ ರಂಗಯ್ಯನದುರ್ಗದಲ್ಲಿ ಎರಡೇ ಕೊಂಬಿನ ಪುಟ್ಟ ಹುಲ್ಲೆಯೊಂದು ಕಂಡರೆ ಅದು ಕೊಂಡುಕುರಿಯಲ್ಲ ಎಂದು ಕೈಬಿಡುವಂತಿಲ್ಲ.

ಇನ್ನು ನೆಂಟಸ್ತಿಕೆಯ ಮಾತು. ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳ ಧಾಮ ಇದೆ. ಕೃಷ್ಣಮೃಗಕ್ಕೂ ಕೊಂಡುಕುರಿಗೂ ಮೈಕಟ್ಟಿನಲ್ಲಿ ಹೋಲಿಕೆ ಕಂಡು, ಎರಡೂ ಒಂದೇ ಮನೆಯವು ಎಂದುಕೊಳ್ಳುತ್ತೇವೆ. ವಂಶಾವಳಿ ಹೇಳುವುದು ಬೇರೆ. ಬೋವಿಡೇ ಕುಟುಂಬದಲ್ಲಿ ದನ, ಎಮ್ಮೆ, ಕಾಡುಕೋಣಗಳಿರುವ ಕವಲಿಗೇ ಕೊಂಡುಕುರಿಯೂ ಸೇರುತ್ತದೆ. ಕೃಷ್ಣಮೃಗದ್ದು ಬೇರೆ ಕವಲು. ಅಂದರೆ ಕೊಂಡುಕುರಿ ಕೃಷ್ಣಮೃಗಕ್ಕಿಂತ ಹಸುವಿಗೇ ಹತ್ತಿರ. ಅದರ ತೀರಾ ಹತ್ತಿರದ ರಕ್ತಸಂಬಂಧಿ ಉತ್ತರ ಭಾರತದ ಬಯಲುಗಳಲ್ಲಿ ಗುಂಪುಗುಂಪಾಗಿ ತಿರುಗುವ ನೀಲಗಾಯಿ. ನೀಲಗಾಯಿಯ ಗಂಡು ಇನ್ನೂರು ಕಿಲೋ ದಾಟುತ್ತದೆ, ಇದು ಅದರ ಹತ್ತರಲ್ಲಿ ಒಂದು ಭಾಗ! ಈ ಇಬ್ಬರ ಬುಡಕಟ್ಟಿಗೆ ಬೊಸೆಲಾಫಿನಿ ಎನ್ನುತ್ತಾರೆ. ಲಕ್ಷಾಂತರ ಅಲ್ಲ, ಕೋಟಿ ವರ್ಷಗಳಷ್ಟು ಹಿಂದೆ, ಮಯೊಸೀನ್ ಯುಗದಲ್ಲಿ, ಅದರಲ್ಲಿ ಹಲವಾರು ಬಗೆಯ ಪ್ರಾಣಿಗಳಿದ್ದವು. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳಲ್ಲಿ ಅವುಗಳ ಕೊಂಬು, ಹಲ್ಲು ಸಿಗುತ್ತವೆ. ಉಳಿದವೆಲ್ಲ ಅಳಿದು, ಇವತ್ತು ಜಗತ್ತಿನಲ್ಲಿರುವುದು ಎರಡೇ. ಎರಡರ ತವರೂ ಭಾರತ ಉಪಖಂಡವೇ. ಕೊಂಡುಕುರಿಯಂತೂ ಭಾರತ, ನೇಪಾಳ ಬಿಟ್ಟರೆ ಬೇರೆ ಯಾವ ದೇಶದ ಕಾಡಿನಲ್ಲೂ ಇಲ್ಲ.

ಇಂಥ ಪ್ರಾಚೀನ ಮನೆತನದ ಪ್ರಾಣಿ ಜನರ ಕಣ್ಣಿಗೆ ಏಕೆ ಬೀಳುವುದಿಲ್ಲ? ಬೀಳದಿರುವುದೇ ಅದರ ಬದುಕಿನ ಉಪಾಯ. ಕೃಷ್ಣಮೃಗ ಬಯಲಿನ ಪ್ರಾಣಿ, ಹಿಂಡು ಕಟ್ಟುತ್ತದೆ, ಅಪಾಯ ಕಂಡರೆ ಓಡಿ ಗೆಲ್ಲುತ್ತದೆ. ಕೊಂಡುಕುರಿ ಒಂಟಿ, ಹೆಚ್ಚೆಂದರೆ ಎರಡು ಮೂರು. ಹೆಜ್ಜೆ ಸದ್ದಾದರೆ ಇದ್ದಲ್ಲೇ ಕಲ್ಲಾಗಿ ನಿಂತುಬಿಡುತ್ತದೆ. ಕಂದು ಹುಲ್ಲಿನಲ್ಲಿ ಕಂದು ಮೈ. ತೀರಾ ಹತ್ತಿರ ಬಂದಾಗ ಮಾತ್ರ ಒಮ್ಮೆಲೆ ಎಗರಿ, ಮೈ ಕುಲುಕಿಸುತ್ತಾ ಪೊದೆ ಸೇರುತ್ತದೆ. ಕೂಗುವುದೂ ಕಡಿಮೆ, ಏಕೆಂದರೆ ಕೂಗಿದರೆ ಇರುವ ಜಾಗ ಗೊತ್ತಾಗುತ್ತದೆ. ಹೆಣ್ಣಿಗೆ ಕೊಂಬಿಲ್ಲದಿರುವುದಕ್ಕೂ ಈ ಜೀವನಕ್ಕೂ ಸಂಬಂಧವಿದ್ದೀತು. ಸ್ಟ್ಯಾಂಕೊವಿಚ್ ಮತ್ತು ಕಾರೋ ಎಂಬ ವಿಜ್ಞಾನಿಗಳು 2009ರಲ್ಲಿ ಬೋವಿಡೇ ಪ್ರಭೇದಗಳನ್ನು ಹೋಲಿಸಿ ನೋಡಿದಾಗ, ಹೆಣ್ಣಿಗೆ ಕೊಂಬಿರುವುದು ಹೆಚ್ಚಾಗಿ ದೊಡ್ಡ ಮೈಯ, ಬಯಲಲ್ಲಿ ಎದ್ದು ಕಾಣುವ ಪ್ರಾಣಿಗಳಲ್ಲಿ ಎಂದು ತಿಳಿಯಿತು. ಅಡಗಿ ಬದುಕುವ ಪುಟ್ಟ ಪ್ರಾಣಿಗೆ ಹೋರಾಡುವ ಆಯುಧಕ್ಕಿಂತ ಕಾಣದಿರುವುದೇ ಕಾವಲು. ಗಂಡಿನ ಕೊಂಬು ಕೆಲಸಕ್ಕೆ ಬರುವುದು ಬೆದೆಯ ಕಾಲದಲ್ಲಿ, ಇನ್ನೊಂದು ಗಂಡಿನ ಮೇಲೆ ಏರಿ ಹೋಗುವಾಗ.

ಮೇ ತಿಂಗಳಿಂದ ಜುಲೈವರೆಗೆ ಬೆದೆ. ಗಂಡು ಹೆಣ್ಣು ಎರಡೂ ಮುಂಗಾಲು ಮಡಚಿ ಮೊಣಕಾಲೂರಿ, ಕುತ್ತಿಗೆಗೆ ಕುತ್ತಿಗೆ ಹೆಣೆದು ಒತ್ತಾಡುವುದರಿಂದ ಅವುಗಳ ಪ್ರಣಯ ಶುರುವಾಗುತ್ತದೆ. ಎಂಟು ತಿಂಗಳು ಹೊತ್ತು ಒಂದೋ ಎರಡೋ ಮರಿ ಹಾಕುತ್ತದೆ. ಹುಟ್ಟಿದ ಮರಿಯ ತೂಕ ಒಂದು ಕಿಲೋ ಆಸುಪಾಸು. ಮೊದಲ ಕೆಲವು ವಾರ ತಾಯಿ ಅದನ್ನು ಪೊದೆಯಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ. ಆಮೇಲೆ ಸುಮಾರು ಒಂದು ವರ್ಷ ಮರಿ ತಾಯಿಯ ಜೊತೆಗಿರುತ್ತದೆ.

ಪ್ರಾಣಿ ಕಾಣದಿದ್ದರೂ ಅದರ ಗುರುತು ಕಾಣುತ್ತದೆ. ಕುರಿ ನಡೆಯುತ್ತ ನಡೆಯುತ್ತ ಹಿಕ್ಕೆ ಹಾಕುತ್ತದೆ, ಅದು ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಾಗಾಗಿ ಪೊದೆಯ ಮಗ್ಗುಲಲ್ಲಿ ಒಂದು ಗುಡ್ಡೆಯೇ ಆಗಿರುತ್ತದೆ: ಅಡಿಯಲ್ಲಿ ಬಿಸಿಲಿಗೆ ಬೆಳ್ಳಗಾಗಿ ಪುಡಿಯಾದದ್ದು, ಮೇಲೆ ಇನ್ನೂ ಕಪ್ಪಗೆ ಮಿರುಗುವ ಹೊಸದು. ಇದು ಬರೀ ಮಲವಲ್ಲ, ‘ನಾನಿಲ್ಲಿ ಇದ್ದೇನೆ’ ಎಂದು ಬೇರೆಯವರಿಗೆ ಇಟ್ಟ ಓಲೆ. ಕಣ್ಣಿನ ಮುಂದಿರುವ ಗ್ರಂಥಿಯನ್ನು ಗಿಡದ ಕಡ್ಡಿಗೆ ಒರೆಸಿ ವಾಸನೆ ಹಚ್ಚುತ್ತದೆ. ಹಿಂಗಾಲಿನ ಗೊರಸುಗಳ ಬಳಿಯೂ ದೊಡ್ಡ ಗ್ರಂಥಿಗಳಿವೆ. ಒಂಟಿಯಾಗಿ, ಸದ್ದಿಲ್ಲದೆ ಬದುಕುವ ಪ್ರಾಣಿ ತನ್ನವರ ಜೊತೆ ಮಾತಾಡುವುದು ಮೂಗಿನ ಮೂಲಕ. ಸಂಶೋಧಕರು ಕಾಡಿನಲ್ಲಿ ಕೊಂಡುಕುರಿ ಇದೆಯೋ ಇಲ್ಲವೋ ಎಂದು ನೋಡುವಾಗ ಹುಡುಕುವುದೂ ಈ ಹಿಕ್ಕೆ ಗುಡ್ಡೆಗಳನ್ನೇ.

ಎಳೆ ಚಿಗುರು, ಹೂವು, ಉದುರಿದ ಬೋರೆ, ನೆಲ್ಲಿಕಾಯಿ, ಜಾಲಿಕಾಯಿ ಇದರ ಮೇವು. ಒಣ ಕಾಡಿನಲ್ಲಿದ್ದರೂ ನೀರು ಕುಡಿಯದೆ ಇರಲಾರದು. ಚಿಂಕಾರದಂತೆ ಬಹಳ ದಿನ ನೀರು ಬಿಟ್ಟಿರುವ ಶಕ್ತಿ ಇದಕ್ಕಿಲ್ಲ. ಜಗಳೂರಿನಂಥ ಊರಿನಲ್ಲಿ ಬೇಸಿಗೆಯೇ ಅದರ ದೊಡ್ಡ ಶತ್ರು. ಇನ್ನೊಂದು ಶತ್ರು ನಮ್ಮ ಕಣ್ಣಿನಲ್ಲಿದೆ. ಎತ್ತರದ ಮರವಿದ್ದರೆ ಮಾತ್ರ ಕಾಡು, ಕುರುಚಲು ಎಂದರೆ ಪಾಳು ಎಂದು ತಿಳಿದಿದ್ದೇವೆ. ಪಾಳು ಎಂದುಕೊಂಡ ಮೇಲೆ ಕ್ವಾರಿಗೆ ಕೊಡಬಹುದು, ಉತ್ತು ಹೊಲ ಮಾಡಬಹುದು, ನೀಲಗಿರಿ ನೆಡಬಹುದು. ಹಾಗೆ ಹೋದ ಪ್ರತಿ ಎಕರೆಯೂ ಈ ಪ್ರಾಣಿ ಮರಿ ಬಚ್ಚಿಡುವ ಜಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಕೊಂಡುಕುರಿಯ ಹೆಸರೂ ಇದೆ. ಜಗತ್ತಿನಲ್ಲಿ ಉಳಿದಿರುವ ಬೆಳೆದ ಕೊಂಡುಕುರಿಗಳು ಹತ್ತು ಸಾವಿರದೊಳಗೆ ಎಂಬುದು ಐಯುಸಿಎನ್ ಅಂದಾಜು. ನಾಗರಹೊಳೆ, ಬಂಡೀಪುರ, ಮುದುಮಲೆಯಲ್ಲೂ ಇವೆ, ಆದರೆ ಅಲ್ಲಿ ಆನೆ, ಹುಲಿಗಳ ನಡುವೆ ಇದರ ಕಡೆ ನೋಡುವವರು ಕಡಿಮೆ. ರಂಗಯ್ಯನದುರ್ಗದಲ್ಲಿ ಇದೇ ಮನೆಯ ಯಜಮಾನ.

ದಕ್ಷಿಣದ ಗಂಡುಗಳಲ್ಲಿ ಮುಂದಿನ ಕೊಂಬು ಏಕೆ ಕುಗ್ಗಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ದೊಡ್ಡ ಪ್ರಯೋಗಾಲಯವೇನೂ ಬೇಡ. ಚಿರತೆ ತಿಂದುಳಿಸಿದ ತಲೆಬುರುಡೆ ಅರಣ್ಯ ಸಿಬ್ಬಂದಿಗೆ ಸಿಕ್ಕಾಗ, ಹಣೆಯ ಮೇಲೆ ಗುಬುಟು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಉದ್ದ ಎಂದು ಅಳೆದು, ಸಿಕ್ಕ ಜಾಗ ಮತ್ತು ತಾರೀಖಿನ ಜೊತೆ ಬರೆದಿಡಬೇಕು. ಕ್ಯಾಮೆರಾ ಬಲೆಗೆ ಬಿದ್ದ ಗಂಡುಗಳ ಚಿತ್ರಗಳಲ್ಲೂ ಕೊಂಬುಗಳನ್ನು ಒಂದೊಂದಾಗಿ ಎಣಿಸಬೇಕು. ಹತ್ತಾರು ವರ್ಷ ಹೀಗೆ ಬರೆದಿಟ್ಟರೆ, ಎಲಿಯಟ್ ಗುರುತಿಸಿದ ಆ ಅರೆಬರೆ ಕೊಂಬುಗಳು ನಮ್ಮ ಕಾಲದಲ್ಲಿ ಎಷ್ಟು ಗಂಡುಗಳಿಗಿವೆ ಎಂಬುದಾದರೂ ಲೆಕ್ಕಕ್ಕೆ ಸಿಗುತ್ತದೆ.