ಚಿಪ್ಪು ಮಾತ್ರ ಇರುವ ದೋಣಿ: ಕೊಳ್ಳುವುದೇ, ಬಿಡುವುದೇ?

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಹಾಯಿದೋಣಿಗೇನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ಕಳೆದ ತಿಂಗಳು ನಮ್ಮ ಹಿರಿಯ ಸದಸ್ಯರೊಬ್ಬರು ಕಚೇರಿಗೆ ಬಂದು, ಅಡಿಕೆಯ ಲೆಕ್ಕ ಮುಗಿದ ಮೇಲೂ ಏಳದೆ ಕುಳಿತರು. "ಕಾರ್ಯದರ್ಶಿಗಳೇ, ನೀವು ಓದಿದವರು. ನಮ್ಮ ಹುಡುಗ ದೋಣಿ ಕೊಳ್ಳುತ್ತಾನಂತೆ. ದೋಣಿಯೂ ಅಲ್ಲ, ಅದರ ಚಿಪ್ಪು ಮಾತ್ರವಂತೆ" ಎಂದರು. ಹುಡುಗನೆಂದರೆ ನಲವತ್ತಾರು ವರ್ಷದ ಇಂಜಿನಿಯರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದಾನೆ. ಹಳದಿ ಎಲೆ ರೋಗ ಬಡಿದ ಒಂದೂವರೆ ಎಕರೆ ಅಡಿಕೆಯನ್ನು ತೆಗೆದು ಕಾಫಿ ಹಾಕಲು ಅವನು ಕಳುಹಿಸುತ್ತೇನೆಂದಿದ್ದ ಹಣವೇ ಈಗ ದೋಣಿಯ ಕಡೆಗೆ ತಿರುಗುವ ಸಂಭವ. ಆದುದರಿಂದ ನಾವು ಸಿಕ್ಕಿದ್ದನ್ನು ಓದಿ, ಹುಡುಗನೊಡನೆ ಫೋನಿನಲ್ಲಿ ಮಾತಾಡಿ ತಿಳಿದುಕೊಂಡದ್ದನ್ನು, ತಂದೆಯವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಅಲ್ಲಿಯವರು ಇದನ್ನು 'ಬೇರ್ ಹಲ್' ಎನ್ನುತ್ತಾರೆ. ಫೈಬರ್‌ಗ್ಲಾಸ್ ಬಟ್ಟೆಯನ್ನು ರಾಳದಲ್ಲಿ ನೆನೆಸಿ, ಅಚ್ಚಿನೊಳಗೆ ಪದರ ಪದರವಾಗಿ ಕೂರಿಸಿ ತೆಗೆದ ಬರಿಯ ಒಡಲು. ಕೂವೆಕಂಬವಿಲ್ಲ, ಹಾಯಿಯಿಲ್ಲ, ಇಂಜಿನ್ ಇಲ್ಲ, ಮಲಗಲು ಹಲಗೆಯೂ ಇಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ವೆಸ್ಟ್‌ಸೇಲ್ ಎಂಬ ಕಂಪನಿ 32 ಅಡಿಯ ದೋಣಿಯನ್ನು ಪೂರ್ತಿ ಕಟ್ಟಿಯೂ ಮಾರುತ್ತಿತ್ತು, ಉಳಿದದ್ದನ್ನು ನೀವೇ ಮುಗಿಸಿಕೊಳ್ಳಿ ಎಂದು ಅರೆಬರೆಯಾಗಿಯೂ ಕೊಡುತ್ತಿತ್ತು. ಇಂಥ ಎಂಟುನೂರಕ್ಕೂ ಹೆಚ್ಚು ದೋಣಿಗಳಲ್ಲಿ ಸುಮಾರು ಅರ್ಧ ಹೀಗೆ ಅಪೂರ್ಣವಾಗಿಯೇ ಹೋದವು. ವಾರವೆಲ್ಲ ಕಚೇರಿಯಲ್ಲಿ ದುಡಿದು ಭಾನುವಾರ ಹಿತ್ತಲಿನಲ್ಲಿ ಕಟ್ಟಿ, ಕೊನೆಗೆ ಸಾಗರ ದಾಟಿದವರಿದ್ದಾರೆ. ಅರ್ಧಕ್ಕೆ ಬಿಟ್ಟವರೂ ಇದ್ದಾರೆ. ಹುಡುಗ ನೋಡಿರುವುದು ಅಂಥದೇ ಒಂದು. ಮೂರನೆಯ ಯಜಮಾನನ ಕೈಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ.

ಒಡಲು ಗಟ್ಟಿಯೇ, ಅದರಲ್ಲಿ ಅನುಮಾನವಿಲ್ಲ. 1991ರ ಅಕ್ಟೋಬರಿನ ದೊಡ್ಡ ಬಿರುಗಾಳಿಯಲ್ಲಿ ಸಟೋರಿ ಎಂಬ ವೆಸ್ಟ್‌ಸೇಲ್ ದೋಣಿಯಿಂದ ಜನರನ್ನು ಇಳಿಸಿಕೊಂಡು ಕಡಲಿಗೇ ಬಿಟ್ಟಿದ್ದರು. ಅದು ತಾನೇ ತೇಲಿಕೊಂಡು ಮೇರಿಲ್ಯಾಂಡಿನ ಮರಳದಂಡೆಗೆ ಬಂದಿತ್ತು. ಯಜಮಾನ ಅದನ್ನು ಮತ್ತೆ ನೀರಿಗಿಳಿಸಿದ.

ಈ ಆಕಾರಕ್ಕೆ ನಮ್ಮ ದೇಶದ ನಂಟೂ ಉಂಟು. ಇದರ ಮೂಲ ವಿಲಿಯಂ ಆಟ್ಕಿನ್ ಎಂಬ ಅಮೆರಿಕನ್ನನ 'ಎರಿಕ್' ನಕ್ಷೆ. ಅದೇ ನಕ್ಷೆಯಿಂದ ಮುಂಬಯಿಯಲ್ಲಿ 1963-64ರ ಸುಮಾರಿಗೆ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ಹಡಗಿನ ಅಧಿಕಾರಿ 'ಸುಹೈಲಿ'ಯನ್ನು ಕಟ್ಟಿಸಿದರು. ಪೂರ್ತಿ ತೇಗ, ನಮ್ಮ ಬಡಗಿಗಳೇ ಬಾಚಿ, ಬೈರಿಗೆ ಹಿಡಿದು ಮಾಡಿದ ಕೆಲಸ. ಅವರಿಗೂ ಹಣ ಮುಗಿಯಿತು. ದಕ್ಷಿಣ ಆಫ್ರಿಕದಲ್ಲಿ ನಿಂತು ದುಡಿದು, 1967ರಲ್ಲಿ ಇಂಗ್ಲೆಂಡ್ ಮುಟ್ಟಿದರು. ಆ ದೋಣಿಯಲ್ಲಿಯೇ 1968ರ ಜೂನ್ 14ರಂದು ಹೊರಟು, ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿ, 312 ದಿನಕ್ಕೆ ಹಿಂತಿರುಗಿದರು. ಸ್ಪರ್ಧೆಗಿಳಿದ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ. ಹುಡುಗನ ತಲೆಯಲ್ಲಿ ಕುಳಿತಿರುವುದು ಈ ಕಥೆ. ತೇಗವನ್ನು ಬಲ್ಲ ನಮಗೂ ಮೈ ಜುಮ್ಮೆನ್ನುವುದು ಸಹಜ.

ಆದರೆ ಲೆಕ್ಕ ಬೇರೆಯೇ. ಮುಗಿದ ದೋಣಿಯ ಖರ್ಚಿನಲ್ಲಿ ಒಡಲಿನ ಪಾಲು ಮೂರರಲ್ಲಿ ಒಂದಕ್ಕಿಂತಲೂ ಕಡಿಮೆಯೆಂದು ಆ ಕಸುಬಿನವರು ಹೇಳುತ್ತಾರೆ. ಈ ದೋಣಿ ಮುಗಿದಾಗ ಸುಮಾರು ಒಂಬತ್ತು ಟನ್ ತೂಗುತ್ತದೆ. ಅದರಲ್ಲಿ ಮೂರು ಟನ್ನಿಗೂ ಮೇಲೆ, ಮಗುಚದಿರಲೆಂದು ತಳದಲ್ಲಿಡುವ ಭಾರ. ಅದನ್ನು ಹಾಕಿದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಇಂಜಿನ್, ಕಂಬ, ಉಕ್ಕಿನ ಹಗ್ಗ, ಹಾಯಿ, ವೈರಿಂಗು, ಕೊಳಾಯಿ ಒಂದೊಂದನ್ನೂ ಬಿಡಿಯಾಗಿ ಕೊಳ್ಳಬೇಕು. ಅಗಲ 11 ಅಡಿಯಾದುದರಿಂದ ರಸ್ತೆಯಲ್ಲಿ ಸಾಗಿಸಲೂ ವಿಶೇಷ ಪರವಾನಗಿ ಬೇಕು. ಕೆಲಸ ನಡೆಯಲಿ ಬಿಡಲಿ, ನಿಲ್ಲಿಸಿದ ಜಾಗದ ಬಾಡಿಗೆ ತಿಂಗಳು ತಿಂಗಳೂ ಕಟ್ಟಬೇಕು. ಇಷ್ಟೆಲ್ಲ ಮಾಡಿ ಮಾರಹೊರಟರೆ, ಮನೆಯಲ್ಲಿ ಮುಗಿಸಿದ ದೋಣಿಯೆಂದು ಕೊಳ್ಳುವವನು ಮೂಗು ಮುರಿಯುತ್ತಾನೆ. ಅದೇ ಜಾತಿಯ, ಓಡಾಡುತ್ತಿರುವ ಹಳೆಯ ದೋಣಿ ಬಿಡಿಭಾಗಗಳ ಮೊತ್ತಕ್ಕಿಂತ ಕಡಿಮೆಗೆ ಸಿಗುತ್ತದೆ.

ಇದನ್ನು ಹೇಳಲು ನಮಗೆ ಅಧಿಕಾರವಿದೆ. ಹಿಂದೆ ನಾವೇ, ಅರ್ಧ ಕಟ್ಟಿದ ಪಲ್ಪರ್ ಮನೆಯಿದ್ದ ಮೂರೆಕರೆ ತೋಟವನ್ನು ಅಗ್ಗವೆಂದು ಕೊಂಡಿದ್ದೆವು. ಗೋಡೆ ಇತ್ತು. ನೀರು, ಮೋಟಾರು, ಕರೆಂಟು, ಕಣ ಯಾವುದೂ ಇರಲಿಲ್ಲ. ಪಲ್ಪರ್ ತಿರುಗುವಷ್ಟರಲ್ಲಿ ಆರು ಕೊಯ್ಲು ಕಳೆದಿತ್ತು. ಅಲ್ಲಿಯವರೆಗೆ ಒಳ್ಳೆಯ ಅರೇಬಿಕ ಹಣ್ಣನ್ನೆಲ್ಲ ಚೆರ್ರಿಯಾಗಿಯೇ ಒಣಗಿಸಿದೆವು. ಮನೆಯಾಕೆ ಆ ಕಟ್ಟಡಕ್ಕೆ ಇಟ್ಟ ಹೆಸರನ್ನು ಇಲ್ಲಿ ಬರೆಯುವಂತಿಲ್ಲ.

ಹುಡುಗನಿಗೆ ಎರಡು ಮಾತು ಹೇಳಿದೆವು. ಒಂದು, ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಸಣ್ಣ ಸುತ್ತಿಗೆಯಿಂದ ಡೆಕ್ಕನ್ನೆಲ್ಲ ತಟ್ಟು. ಫೈಬರ್‌ಗ್ಲಾಸಿನ ನಡುವೆ ಮರದ ಪದರವಿರುತ್ತದೆ, ನೀರು ಹೊಕ್ಕು ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ಎರಡು, ನಿನಗೆ ಬೇಕಾದದ್ದು ದೋಣಿ ನಡೆಸುವುದೋ, ದೋಣಿ ಕಟ್ಟುವುದೋ? ನಡೆಸುವುದಾದರೆ ಮುಗಿದದ್ದನ್ನು ಕೊಳ್ಳು. ಕಟ್ಟುವುದೇ ಸುಖವೆನ್ನುವುದಾದರೆ ಹಣ ಹೋಯಿತೆಂದೇ ಬರೆದುಕೊಂಡು ಕಟ್ಟು, ಅದೂ ತಪ್ಪಲ್ಲ.

ವಾರ ಕಳೆದು ಫೋನು ಬಂತು. "ಚಿಕ್ಕಪ್ಪ, ಕಂಬ ನಿಲ್ಲುವ ಜಾಗದ ಸುತ್ತ ಎರಡಡಿ ಮಂಕು ಸದ್ದು. ಹೇಳಿದ್ದಕ್ಕೆ ಯಜಮಾನ ಪುಕ್ಕಟೆ ಒಯ್ಯಿ ಎನ್ನುತ್ತಿದ್ದಾನೆ" ಎಂದ. ತಂದೆಯವರು ಎದುರಿಗೇ ಇದ್ದರು. "ಪುಕ್ಕಟೆಯಾದರೆ ತಗೊಳ್ಳಲಿ ಬಿಡಿ!" ಎಂದುಬಿಟ್ಟರು. ಬಾಡಿಗೆಯ ಹೊರೆ ಕಳೆದುಕೊಳ್ಳಲು ಅವನು ಕೊಡುತ್ತಿದ್ದಾನೆಂದು ಮತ್ತೆ ಮೊದಲಿನಿಂದ ವಿವರಿಸಬೇಕಾಯಿತು.

ಮಂಕು ಸದ್ದನ್ನು ಕೇಳಿದ ಮೇಲೂ, ಕಟ್ಟುವುದೇ ತನಗೆ ಬೇಕೆಂದು ಹುಡುಗ ಒಪ್ಪಿಕೊಂಡಿದ್ದಾನೆ. ನಮಗೆ ಅದು ಪ್ರಾಮಾಣಿಕ ಉತ್ತರವಾಗಿ ಕಂಡಿತು. ತೋಟದ ಹಣ ಮೊದಲು, ದೋಣಿಯ ಖರ್ಚು ಸಂಬಳದಿಂದ ಎಂಬಲ್ಲಿಗೆ ತಂದೆ ಮಗ ಬಂದು ನಿಂತಿದ್ದಾರೆ. ಒಡಲನ್ನು ಒಯ್ಯುವನೋ ಇಲ್ಲವೋ ಈ ತಿಂಗಳೊಳಗೆ ತಿಳಿಯಬೇಕು. ಇತ್ತ ನರ್ಸರಿಯಲ್ಲಿ ಅವರ ಹೆಸರಿಗೆ ಕಾಫಿ ಸಸಿ ಬರೆಸಿಯಾಗಿದೆ. ಮಳೆಗೆ ಮುಂಚೆ ಗುಂಡಿ ತೆಗೆಯಲು ಆಳು ಸಿಕ್ಕಿದರೆ ಸಾಕು.